ನಲ್ಲಿಪರಸ್

೧೮ ಜನವರಿ ೨೦೦೩
ಒಣಮೀನು ಮೂರು ಸಲ ಮಗುಚಿದೆ. ಕಾಗೆ ಕಾಟ. ಮಧ್ಯಾಹ್ನ ಅತ್ತೆಯ ಜೊತೆ ಸೇತುವೆ ದಾಟಿ ಹೊನ್ನಾವರಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದೆ. ನಾಲ್ಕು ತಿಂಗಳು ತುಂಬಿದೆ. ಕೈ ಆಡಿಸುತ್ತಿದೆಯಂತೆ. ಡಾಕ್ಟರಮ್ಮ ಟಿ.ವಿ.ಯನ್ನು ನನ್ನ ಕಡೆ ತಿರುಗಿಸಿದರು. ಸರಿಯಾಗಿ ನೋಡುವಷ್ಟರಲ್ಲಿ ಮತ್ತೆ ಆ ಕಡೆ ಮಾಡಿಬಿಟ್ಟರು.
"ಎಷ್ಟನೇದು?" ಅಂತ ಕೇಳಿದರು.
ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಚೊಚ್ಚಲು ಅಮ್ಮ" ಎಂದರು.
ಸೆರಗು ಸರಿಮಾಡಿಕೊಂಡು ಎದ್ದೆ.
ರಿಪೋರ್ಟಿನಲ್ಲಿ ನನ್ನ ಹೆಸರು, ವಿಶಾಲ. ೨೨ ವರ್ಷ. ಅದರ ಮುಂದೆ ಒಂದು ಶಬ್ದ. ಕಾಯ್ಕಿಣಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಇಂಗ್ಲಿಷಿನಲ್ಲಿ ಇದು ಇರಲಿಲ್ಲ. ಎನ್, ಯು, ಎರಡು ಎಲ್, ಐ, ಪಿ, ಎ, ಆರ್, ಓ, ಯು, ಎಸ್. ಹನ್ನೊಂದು ಅಕ್ಷರ. ನನ್ನ ವಯಸ್ಸಿಗೆ ಅಂಟಿಕೊಂಡೇ ಇದೆ. ಕಾಯಿಲೆಯೋ ಏನೋ...

೧೯ ಜನವರಿ
ನಾದಿನಿ ಸೌಜನ್ಯಾ ಒಂಬತ್ತನೇ ಕ್ಲಾಸು. ಅವಳಿಗೆ ತೋರಿಸಿದೆ. ಬೆರಳಿಟ್ಟು ಓದಿದಳು.
"ನಲ್ಲಿ... ನಲ್ಲಿಪರೌಸ್. ಅತ್ತಿಗೆ, ನೀರು ಜಾಸ್ತಿ ಕುಡೀಬೇಕು ಹೇಳಿ ಇರಬೇಕು."
"ಪಂಚಾಯ್ತಿ ನಲ್ಲೀಲಿ ಎರಡು ದಿನಕ್ಕೊಂದು ಸಲ ನೀರು. ಜಾಸ್ತಿ ಎಲ್ಲಿಂದ ಕುಡಿಯೂದೆ?"
"ಅದನ್ನೇ ಬರೆದು ಕೊಟ್ಟಿದ್ರು. ಪಂಚಾಯ್ತಿಗೆ ತೋರಿಸು, ಮನೆಗೇ ಪೈಪ್ ಎಳೀತ್ರು!"
ಇಬ್ಬರೂ ನಕ್ಕೆವು. ನಾಳೆ ಇಂಗ್ಲಿಷ್ ಮಾಸ್ತರರ ಹತ್ತಿರ ಕೇಳುತ್ತೇನೆ ಅಂತ ಚೀಟಿಯಲ್ಲಿ ಬರೆದುಕೊಂಡಳು.

೨೧ ಜನವರಿ
ಸೌಜನ್ಯಾ ಚೀಟಿ ನನ್ನ ಮೇಲೆ ಎಸೆದಳು. ಮಾಸ್ತರರು ಡಿಕ್ಷನರಿ ತೆಗೆದು ನೋಡಿ, ಪಟ್ಟನೆ ಮುಚ್ಚಿದರಂತೆ. "ಇದು ನಿನ್ನ ಪರೀಕ್ಷೆಗೆ ಬರೂದಿಲ್ಲ, ಹೋಗಿ ಕೂತ್ಕೋ" ಅಂದರಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ.
"ಇನ್ನು ನಂಗೆ ಎಂತದೂ ಕೊಡಬೇಡ ಅತ್ತಿಗೆ."
ಮುಚ್ಚಿಡುವಂಥ ಶಬ್ದವನ್ನು ನನ್ನ ಹೆಸರಿನ ಹತ್ತಿರ ಏಕೆ ಬರೆದರು?

೧೫ ಫೆಬ್ರವರಿ
ಇಂಜೆಕ್ಷನ್ ದಿನ. ಅತ್ತೆ ಎಲೆಯಡಿಕೆ ತರಲು ಹೊರಗೆ ಹೋಗಿದ್ದರು. ರೇಖಾ ಸಿಸ್ಟರ್ ಒಬ್ಬರೇ. ಕುಮಟೆಯವರು, ಮಾತು ಜಾಸ್ತಿ. ಧೈರ್ಯ ಮಾಡಿ ಕೇಳಿದೆ.
"ಓ, ನಲ್ಲಿಪರಸ್ಸಾ? ಲ್ಯಾಟಿನ್ ಮಾರಾಯ್ತಿ. ನಲ್ಲಿ ಅಂದ್ರೆ ಎಂತದೂ ಇಲ್ಲ. ಪರಸ್ ಅಂದ್ರೆ ಹೆರೂದು. ಒಂದೂ ಹೆರದವಳು ಹೇಳಿ ಅರ್ಥ."
"ಒಂದು ಹೆತ್ತಿದ್ರೆ?"
"ಪ್ರೈಮಿಪರಸ್. ಜೂನಲ್ಲಿ ನೀನೂ ಆಗ್ತೆ, ಅವಸರ ಎಂತಕ್ಕೆ?"
"ಸತ್ತು ಹುಟ್ಟಿದ್ರೆ...? ಅದೂ ಲೆಕ್ಕಕ್ಕೆ ಬತ್ತದಾ ಸಿಸ್ಟರ್?"
ಅವರ ಕೈಯಲ್ಲಿನ ಹತ್ತಿ ಅಲ್ಲೇ ನಿಂತಿತು. "ಏಳು, ಎಂಟು ತಿಂಗಳದ್ದಾದ್ರೆ ಬತ್ತದೆ. ಯಾಕೆ ಕೇಳ್ತೆ?"
ಅತ್ತೆ ಬಾಗಿಲಲ್ಲಿ. "ಸುಮ್ಮನೆ" ಎಂದೆ.

೧೬ ಫೆಬ್ರವರಿ
ಇಲ್ಲಿಯಾದರೂ ಬರೆದಿಡುತ್ತೇನೆ.
೨೦೦೧ರ ಆಗಸ್ಟ್ ೧೪. ಏಳು ತಿಂಗಳು. ಒಂದು ವಾರದಿಂದ ಕಾಲು ಬಾತಿತ್ತು. ತಲೆನೋವು, ಕಣ್ಣ ಮುಂದೆ ಮಂಜು. ಅತ್ತೆ ಕಷಾಯ ಕೊಟ್ಟರು. ಮಳೆ ಬಿಡಲಿಲ್ಲ, ಗಾಡಿ ಸಿಗಲಿಲ್ಲ. ಮನೆಯಲ್ಲೇ ಆಯಿತು, ಅತ್ತೆಯ ಕೈಯಲ್ಲೇ. ಹೆಣ್ಣು. ತಲೆ ತುಂಬ ಕೂದಲು. ಎಡಗಿವಿಯ ತುದಿ ಮಡಚಿತ್ತು. ಅಳಲಿಲ್ಲ. ಅತ್ತೆ ತಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಕಡಲ ಕಡೆಗೆ ಒಯ್ದರು. ಎಲ್ಲಿ ಅಂತ ಹೇಳಲಿಲ್ಲ. ತೊಟ್ಟಿಲಿಗೆ ಹಾಕದ ಮಗುವಿನ ಮಾತು ಆಡಬಾರದಂತೆ. ಹೆಸರೂ ಇಲ್ಲ.
ಒಂದೂ ಹೆರದವಳು.
ಹಾಗಾದರೆ ಎದೆಯಲ್ಲಿ ಹಾಲು ಕಟ್ಟಿ ಎಂಟು ದಿನ ಜ್ವರ ಬಂದದ್ದು ಯಾರಿಗೆ?

೯ ಮಾರ್ಚ್
ಇವರು ಬೋಟಿನಿಂದ ಬಂದಿದ್ದಾರೆ. ಐದು ದಿನದ ಮೇಲೆ. ಊಟ ಮಾಡುವಾಗ ಶಬ್ದದ ವಿಷಯ ಹೇಳಿದೆ. ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟರು.
"ಹೇಳಿದ್ರೆ ಡಾಕ್ಟ್ರು ನಮ್ಮ ಆಯಿಗೇ ಬೈತ್ರು."
"ಹೇಳದಿದ್ರೆ?"
"ಬರೆದದ್ದು ಇಂಗ್ಲಿಷಲ್ಲಿ ಅಲ್ವನೆ, ನಮ್ಮಲ್ಲಿ ಯಾರು ಓದ್ತ್ರು?"
ನಾನು ಓದಿದೆನಲ್ಲ.

೨೦ ಮಾರ್ಚ್
ಅತ್ತೆ ಬಂಗಡೆ ಹೆಚ್ಚುತ್ತಿದ್ದರು. ಹತ್ತಿರ ಕೂತು ಮೆಲ್ಲಗೆ ಹೇಳಿದೆ, ಮುಂದಿನ ಸಲ ಡಾಕ್ಟರಮ್ಮನಿಗೆ ನಿಜ ಹೇಳುವಾ ಅಂತ.
ಮೆಟ್ಟುಗತ್ತಿ ನಿಂತಿತು.
"ಎಂತ ಬರೆಸೂಕೆ? ವಿಶಾಲನ ಮಗಳನ್ನ ಅತ್ತೆ ಕೊಂದಳು ಹೇಳಿಯಾ?"
"ಹಂಗಲ್ಲ ಅತ್ತೆ—"
"ನಾಲ್ಕು ಹೆತ್ತವಳು ನಾನು. ಎಲ್ಲಾ ಮನೇಲೇ. ಗೊತ್ತಿದ್ದದ್ದು ಮಾಡ್ದೆ. ಆ ದಿನ ಉಸಿರು ಊದಿ ಊದಿ ನನ್ನ ಬಾಯಿ ಒಣಗಿತ್ತು, ಗೊತ್ತಿತ್ತಾ ನಿಂಗೆ?"
ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಆತು ಬಿಡಿ ಎಂದು ಮೀನು ನಾನೇ ತೊಳೆದೆ. ಇನ್ನು ಆ ಮಾತು ಮತ್ತೆ ಎತ್ತುವುದು ಹೇಗೆ?

೧೦ ಏಪ್ರಿಲ್
ಚಪ್ಪಲಿ ಹಿಡಿಸುತ್ತಿಲ್ಲ. ಪಾದಕ್ಕೆ ಬೆರಳು ಒತ್ತಿದರೆ ಕುಳಿ ಬೀಳುತ್ತದೆ, ಏಳುವುದಿಲ್ಲ. ಅತ್ತೆ ನೋಡಿ, "ಬಿಸಿಲಿಗೆ ಅದು" ಎಂದರು. ಆಮೇಲೆ ಎರಡು ಸಲ ಬಂದು ನೋಡಿದರು.
ಡಾಕ್ಟರಮ್ಮ ಬರಹೇಳಿದ್ದು ಹದಿನೈದಕ್ಕೆ. ಎದುರಿಗೆ ಕೂತರೆ ನನಗೆ ಬಾಯಿ ಬರುವುದಿಲ್ಲ. ಚೀಟಿ ಬರೆದೆ. ಐದು ಸಲ ಹರಿದೆ. ಆರನೆಯದು ಇದು:
"ನಾನು ನಲ್ಲಿಪರಸ್ ಅಲ್ಲ. ಪ್ರೈಮಿಪರಸ್. ೧೪-೮-೨೦೦೧. ಹೆಣ್ಣು. ಆಗಲೂ ಹೀಗೇ ಕಾಲು ಬಾತಿತ್ತು. ಅತ್ತೆಗೆ ಬೈಯಬೇಡಿ."

೧೩ ಏಪ್ರಿಲ್, ಬೆಳಿಗ್ಗೆ ಆರೂವರೆ
ನಿನ್ನೆಯಿಂದ ತಲೆನೋವು. ಡೈರಿಯ ಗೆರೆ ಎರಡೆರಡಾಗಿ ಕಾಣುತ್ತಿದೆ. ಅದೇ ಮಂಜು. ಇವರು ಕಡಲಿನಲ್ಲಿ.
ಈ ಸಲ ಕಷಾಯ ಇಲ್ಲ. ಅತ್ತೆ ಮುಖ ನೋಡಿದವರೇ ಸೌಜನ್ಯಾಳನ್ನು ರಿಕ್ಷಾಕ್ಕೆ ಓಡಿಸಿದರು. "ಏಳು ಹೆಣ್ಣೆ, ಹೋಗುವಾ" ಎಂದರು. ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾರೆ. ಹಳೆಯ ಸೀರೆಯೊಂದನ್ನು ಕೈಗೆತ್ತಿಕೊಂಡು ಹಾಗೇ ನಿಂತರು. ತಿರುಗಿ ಬಟ್ಟೆ ಹಾಕುವ ಗಳುವಿನ ಮೇಲೆ ಹಾಕಿದರು. ಟ್ರಂಕಿನಿಂದ ಹೊಸದು ತೆಗೆದರು.
ಚೀಟಿ ಬಳೆಯೊಳಗೆ ಸಿಕ್ಕಿಸಿಕೊಂಡಿದ್ದೇನೆ. ಬಾಯಿ ಬರದಿದ್ದರೆ ಕೈ ಚಾಚಿದರೂ ಸಾಕು. ಬೆವರಿಗೆ ಶಾಯಿ ಹರಡದಿದ್ದರೆ...
ರಿಕ್ಷಾ ಬಂತು. ಕರೆಯುತ್ತಿದ್ದಾರೆ.
ಡಾಕ್ಟರಮ್ಮ ಕೇಳಿಯೇ ಕೇಳುತ್ತಾರೆ, ಎಷ್ಟನೇದು ಅಂತ. ಅತ್ತೆಗಿಂತ ಮೊದಲು ಹೇಳಬೇಕು. ಒಂದೇ ಶಬ್ದ. ಎರಡನೇ—