ಅಪ್ಪನ ನಡುಕ ಕಲಿತ ಚಮಚ

ಮೇಡಂ ಅವರಿಗೆ ನಮಸ್ಕಾರಗಳು.

ಅಪ್ಪನ ಅಂತ್ಯಕ್ರಿಯೆ ಮುಗಿಯಿತು. ಸೋಮವಾರದಿಂದ ಲ್ಯಾಬಿಗೆ ಬರುತ್ತೇನೆ.

ಕೈ ನಡುಗುವವರಿಗಾಗಿ ನಾವು ಮಾಡಿದ ಚಮಚವನ್ನು ಈ ಪತ್ರದ ಜೊತೆಗೇ ಕಳುಹಿಸಿದ್ದೇನೆ. ನಾಲ್ಕು ತಿಂಗಳಲ್ಲಿ ಅದರೊಳಗಿನ ನಿಯಂತ್ರಕ ಚಿಪ್ ಅಪ್ಪನ ನಡುಕವನ್ನು ಪೂರ್ತಿ ಕಲಿತುಕೊಂಡಿತ್ತು. ಅವರ ಕೈ ಅತ್ತ ಹೋಗುವುದನ್ನು ಮೊದಲೇ ಊಹಿಸಿ ಅದು ಇತ್ತ ಸರಿಯುತ್ತಿತ್ತು. ಊಟವಾದ ಮೇಲೆ, "ಒಂದು ತೊಟ್ಟೂ ಚೆಲ್ಲಿಲ್ಲ ನೋಡಮ್ಮ" ಅಂತ ಅಂಗಿ ತೋರಿಸುತ್ತಿದ್ದರು.

ಇನ್ನೊಬ್ಬರ ಕೈಗೆ ಕೊಡುವ ಮೊದಲು ಕಲಿತದ್ದನ್ನೆಲ್ಲ ಅಳಿಸಬೇಕು. ಆ ನಿಯಮ ಬರೆದವಳು ನಾನೇ. ಆದರೆ ಅಳಿಸಿಲ್ಲ. ದಯವಿಟ್ಟು ನೀವೇ ಅಳಿಸಿಬಿಡಿ.

ಬ್ಯಾಟರಿ ಚೆನ್ನಾಗಿದೆ. ನಿನ್ನೆ ಮಧ್ಯಾಹ್ನ ಅದರಲ್ಲೇ ಸೂಪ್ ಕುಡಿದು ನೋಡಿದೆ. ನನ್ನ ಕೈ ನಡುಗಲಿಲ್ಲ. ಚಮಚ ಮಾತ್ರ ಅಪ್ಪನ ನಡುಕಕ್ಕೆ ಸರಿಯಾಗಿ ಅತ್ತಿತ್ತ ಆಡುತ್ತಲೇ ಇತ್ತು. ಬಟ್ಟೆಯ ಮೇಲೆಲ್ಲ ಚೆಲ್ಲಿಕೊಂಡೆ.

ಇಂತಿ,
ನಿಮ್ಮ ಸಂಶೋಧನಾ ವಿದ್ಯಾರ್ಥಿನಿ