ಒಂದೇ ಹೆಸರಿನ ಎರಡು ಪೀಪಾಯಿ

ಏಪ್ರಿಲ್ ೬, ೨೦೦೯. ಸೋಮವಾರ

ಬೆಳಿಗ್ಗೆಯಿಡೀ ಹಳೇ ಕಾಗದಗಳಲ್ಲೇ ಕಳೆಯಿತು. ಮ್ಯೂಸಿಯಂನವರಿಗೆ ತಿಂಗಳ ಕೊನೆಯೊಳಗೆ ನಮ್ಮ ಗಾರ್ನಮ್ ಮನೆತನದ ಚರಿತ್ರೆ ಬೇಕಂತೆ. ಬಿಯರ್ ಕುದಿಸಿದರು, ಹಡಗಿನಲ್ಲಿ ರಷ್ಯಾಕ್ಕೆ ಕಳಿಸಿದರು, ಮರ ತುಂಬಿಕೊಂಡು ಬಂದರು, ಊರಿಡೀ ಜಂಬ ಕೊಚ್ಚಿದರು. ಮುಗಿಯಿತು ಚರಿತ್ರೆ!

ನಿನ್ನೆ ಚರ್ಚಿನಲ್ಲಿ ನಮ್ಮ ಮದುವೆಯ ಮೊದಲ ಪ್ರಕಟಣೆ. ಅಡ್ಡಿಯಿದ್ದವರು ಹೇಳಲಿ ಅಂತ ಮೂರು ಭಾನುವಾರ ಓದುತ್ತಾರೆ, ಇನ್ನೆರಡು ಬಾಕಿ. ಐವತ್ತನಾಲ್ಕರ ಮದುಮಗಳು! ಮದುಮಗ ಕ್ಲೆಮ್ ಪಾಸ್ಕ್ ಕಿವಿಯವರೆಗೂ ಕೆಂಪಾಗಿದ್ದ. ಅವನಪ್ಪ ನಮ್ಮ ಪೀಪಾಯಿ ಗಾಡಿ ಹೊಡೆಯುತ್ತಿದ್ದವನು.

ಏಪ್ರಿಲ್ ೯

ಬಿಯರ್ ಕುದಿಸಿದ ದಿನಗಳ ಪುಸ್ತಕ ಸಿಕ್ಕಿತು. ಮನೆಯಲ್ಲಿ ಮಗು ಹುಟ್ಟಿದ ವಾರ ಗಟ್ಟಿ ಬಿಯರ್ ಮಾಡಿ, ಅದರ ಹೆಸರಲ್ಲಿ ಪೀಪಾಯಿ ಮುಚ್ಚಿಡುವುದು ನಮ್ಮ ಪದ್ಧತಿ. ಮಗುವಿಗೆ ಇಪ್ಪತ್ತೊಂದು ವರ್ಷ ತುಂಬಿದ ದಿನ ತೆರೆಯುವುದು. ಅಷ್ಟರೊಳಗೆ ಮಗು ಸತ್ತರೆ, ನದಿಗೆ ಸುರಿಯುವುದು.

ಸುರಿದದ್ದು ಒಂಬತ್ತು ಪೀಪಾಯಿ. ಎಂಟು ಮಕ್ಕಳ ಗೋರಿ ಚರ್ಚಿನಂಗಳದಲ್ಲಿದೆ. ಒಂಬತ್ತನೆಯದು — "ರೂಪರ್ಟ್. ಮೇ ೧೯೩೧. ನದಿಗೆ."

ರೂಪರ್ಟ್ ನನ್ನ ಅಪ್ಪ! ಸತ್ತದ್ದು ಎಪ್ಪತ್ತೆರಡಕ್ಕೆ, ನನ್ನ ಕಣ್ಣೆದುರು.

ಪುಟ ತಿರುಗಿಸಿದೆ. ಜೂನ್ — "ರೂಪರ್ಟ್ ಹೆಸರಲ್ಲಿ ಇನ್ನೊಂದು."

ಏಪ್ರಿಲ್ ೧೪

ವೃದ್ಧಾಶ್ರಮಕ್ಕೆ ಹೋಗಿದ್ದೆ. ಮಾಬೆಲ್ ಅತ್ತೆ, ಅಪ್ಪನ ಅಕ್ಕ, ಎಂಬತ್ತೊಂಬತ್ತು. ಮದುವೆ ವಿಷಯ ಅವಳಿಗೆ ಹೇಳಿಲ್ಲ. ಗಾಡಿಯವನ ಮಗ ಅಂದರೆ ಮೂಗು ಮುರಿಯುತ್ತಾಳೆ ಅಂತ. ಪುಸ್ತಕ ತೋರಿಸಿದೆ. ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟಳು.

"ರೂಪರ್ಟ್ ಮೂರು ತಿಂಗಳಿಗೇ ಹೋಗ್ಬಿಟ್ಟ ಕಣೆ. ಅಮ್ಮ ಗೋಡೆ ನೋಡ್ತಾ ಕೂತ್ಬಿಟ್ಲು. ಅದೇ ವಾರ ಗಾಡಿ ಪಾಸ್ಕನ ಹೆಂಡ್ತಿ ಹೆತ್ತು ಸತ್ಲು. ಅಪ್ಪ ಆ ಮಗೂನ ಎತ್ಕೊಂಡು ಬಂದ್ರು. ಹೆಸರೂ ಅದೇ ಇಟ್ರು. ಸತ್ತಿದ್ದು ಪಾಸ್ಕನ ಮಗು ಅಂತ ಊರಿಗೆ ಹೇಳಿದ್ವಿ."

"ನನ್ನಪ್ಪಂಗೆ ಗೊತ್ತಿತ್ತಾ?"

"ಇಲ್ಲ. ಪಾಸ್ಕ್ ಸಾಯೋವರೆಗೂ ಬಾಯಿ ಬಿಡ್ಲಿಲ್ಲ. ಇನ್ನೊಂದು ಮದ್ವೆ ಆದ, ಬಹಳ ವರ್ಷ ಆದ್ಮೇಲೆ ಒಬ್ಬ ಮಗ ಹುಟ್ಟಿದ. ಏನವನ ಹೆಸ್ರು..."

"ಕ್ಲೆಮ್."

"ಹ್ಞಾ, ಕ್ಲೆಮ್! ಯಾಕೇ ಹಿಂಗೆ ಬಿಳಿಚ್ಕೊಂಡೆ? ಬಿಸ್ಕತ್ತು ತಿನ್ನು."

ಅಪ್ಪನ ತಮ್ಮ. ನನ್ನ ಚಿಕ್ಕಪ್ಪ. ಬಸ್ಸಿನಲ್ಲಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತೆ.

ಏಪ್ರಿಲ್ ೧೯, ಭಾನುವಾರ, ಮಧ್ಯಾಹ್ನ ೧೨:೩೦

ಪಾದ್ರಿ ಮೂರನೆಯ ಸಲ, ಕೊನೆಯ ಸಲ ಕೇಳಿದರು — ಈ ಮದುವೆಗೆ ಅಡ್ಡಿಯಾಗುವ ಕಾರಣ ಯಾರಿಗಾದರೂ ಗೊತ್ತಿದ್ದರೆ ಈಗ ಹೇಳಬೇಕು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕ್ಲೆಮ್ ನನ್ನ ಕೈ ಹಿಡಿದಿದ್ದ. ಬೆಚ್ಚಗಿತ್ತು.

ಸುಮ್ಮನಿದ್ದೆ. ನಾನು! ಇಡೀ ಚರ್ಚಿನಲ್ಲಿ ಕಾರಣ ಗೊತ್ತಿದ್ದವಳು ನಾನೊಬ್ಬಳೇ.

ಈಗ ಕೆಳಗೆ ಕುರಿಮಾಂಸ ಬೇಯಿಸುತ್ತಾ ಹಾಡುತ್ತಿದ್ದಾನೆ. "ಹಿಲರೀ, ಪುದೀನಾ ಸಾಸ್ ಎಲ್ಲಿಟ್ಟಿದ್ದೀಯೇ?"

ಅಪ್ಪನದೇ ದನಿ. ಇಷ್ಟು ವರ್ಷ ನನಗೇಕೆ ಕೇಳಿಸಲಿಲ್ಲ?

ಹೇಳಲೇಬೇಕು, ಇವತ್ತೇ. ಇಳಿದು ಹೋಗುತ್ತೇನೆ. ಆದರೆ ಅವನನ್ನು ಏನಂತ ಕರೆದು ಶುರುಮಾಡಲಿ —