ಆಚೆ ದಡಕ್ಕೆ ಕಾಣುವ ಹೊಗೆ

ಪುಯೆರ್ತೊ ಕನೆಲೊ,
ಶುಕ್ರವಾರ, 18 ಏಪ್ರಿಲ್ 1986

ಮಹಾಜನಗಳೇ! ವೆರ್ದೆ ಸರೋವರದ ಈ ದಡದವರೇ, ಆ ದಡದವರೇ! ಹಿಮದ ಗೋಡೆಯ ಬುಡದಲ್ಲಿ ದನ ಕಾಯುವವರೇ, ಫಿಯೋರ್ಡ್‌ಗಳ ಕಡಲ ಸಂದಿಯೊಳಗೆ ಹೊಕ್ಕು ಸೈಪ್ರೆಸ್ ಮರ ಕಡಿಯುವವರೇ, ಕಣಿವೆಯ ತುದಿಯಲ್ಲಿ ಒಂಟಿಯಾಗಿ ಕುಳಿತು ನಾಯಿಯ ಜೊತೆ ಮಾತಾಡುವವರೇ! ಒಲೆಯ ಮೇಲಿನ ಕೆಟಲ್ ಇಳಿಸಿ. ರೇಡಿಯೋದ ಬ್ಯಾಟರಿ ಸೋತಿದ್ದರೆ ಒಲೆಯ ಪಕ್ಕ ಬಿಸಿಗಿಟ್ಟು ಮತ್ತೆ ಹಾಕಿ. ಅಬೆಲಾರ್ದೊ ಬಾರ್ರಿಯಾ ಮಾತಾಡುತ್ತಿದ್ದಾನೆ!

ಇದು ನನ್ನ ಹೆಂಡತಿ ಒತಿಲಿಯಾ ವಾರ್ಗಾಸಳಿಗೆ ಬರೆದ ಪತ್ರ. ಅವಳು ನನ್ನ ಪತ್ರ ಒಡೆಯುವುದಿಲ್ಲ. ಐದು ಬರೆದೆ, ಐದೂ ಅಂಚೆ ದೋಣಿಯಲ್ಲೇ ವಾಪಸು ಬಂದವು, ಕೊನೆಯದರ ಮೇಲೆ ಮೀನಿನ ಹುರುಪೆ ಅಂಟಿತ್ತು. ಆದರೆ ಮಧ್ಯಾಹ್ನದ ಸಂದೇಶಗಳಿಗೆ ಕಿವಿ ಮುಚ್ಚುವ ಜೀವ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಯಾರಿಗೆ ಗಂಡು ಮಗು, ಯಾರ ಎತ್ತು ಹೊಳೆ ಪಾಲು, ಗುರುವಾರ ಕುದುರೆ ಹಿಡಿದು ಯಾರು ಎಲ್ಲಿ ಕಾಯಬೇಕು, ಎಲ್ಲವನ್ನೂ ನಮಗೆ ರೇಡಿಯೋ ತಾನೇ ಹೇಳಬೇಕು? ಸಂದೇಶ ಓದುವ ಸೆನ್ಯೋರಾ ರೋಸಾಲ್ಬಾ ಅವರೇ, ಒಂದಕ್ಷರ ಬಿಡದೆ ಓದಿ. ಸಹಿ ಬಂದ ಕೂಡಲೇ ನಿಲ್ಲಿಸಿ. ಅದರ ಕೆಳಗಿನದು ನಿಮಗೊಬ್ಬರಿಗೇ.

ಪ್ರಿಯ ಒತಿಲಿಯಾ,

ನಾನು ಒಮ್ಮೆ ಸತ್ತ ಕಥೆ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಮೊದಲಿಂದ ಹೇಳುತ್ತೇನೆ. ಹೊಸಬರೂ ಕೇಳುತ್ತಿದ್ದಾರೆ, ನಡುವಿನಿಂದ ಶುರುವಾದ ನಾಟಕ ಯಾರಿಗೂ ರುಚಿಸುವುದಿಲ್ಲ.

ಎಪ್ಪತ್ತೊಂಬತ್ತರ ಅಕ್ಟೋಬರ್. ನಮ್ಮ ನಾಟಕ ಕಂಪನಿ ಕಲೆತಾ ಸಿಪ್ರೆಸ್‌ನಲ್ಲಿ 'ಪೊರ್ಫಿಯಾದಾ' ಎಂಬ ದೋಣಿ ಹತ್ತಿ, ಪರದೆ ಪೆಟ್ಟಿಗೆಗಳ ಸಮೇತ ಫಿಯೋರ್ಡ್‌ಗಳ ನಡುವೆ ಉತ್ತರಕ್ಕೆ ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ. ದೋಣಿ ಬಂಡೆಗೆ ಬಡಿಯಿತು. ಒಂಬತ್ತು ಜನ, ಒಬ್ಬರೂ ಉಳಿಯಲಿಲ್ಲ, ಒಂದು ಹೆಣವೂ ಸಿಗಲಿಲ್ಲ. ಮೂರನೇ ದಿನ ನನ್ನ ಕೆಂಪು ನಿಲುವಂಗಿ, ಅದೇ ಸರದಾರನ ಪಾತ್ರದ್ದು, ನೀನು ಜರಿ ಹೊಲಿದದ್ದು, ದಡಕ್ಕೆ ಬಂತು. ರೇಡಿಯೋದಲ್ಲಿ ಸತ್ತವರ ಹೆಸರು ಓದಿದರು. ನಾಲ್ಕನೆಯದು ನನ್ನದು.

ಆಗ ನಾನೆಲ್ಲಿದ್ದೆ? ಕ್ಲೊದೊಮಿರೊ ಎಂಬ ಮರ ಕಡಿಯುವವನ ಗುಡಿಸಲಿನಲ್ಲಿ, ಕುರಿಚರ್ಮದ ಮೇಲೆ ಬೋರಲು ಬಿದ್ದಿದ್ದೆ. ಹೊರಡುವ ಹಿಂದಿನ ದಿನ ಕುಡಿದು ಕೂಗಾಡಿ ಗಂಟಲು ಕಟ್ಟಿ, ದೋಣಿ ನನ್ನನ್ನು ಬಿಟ್ಟು ಹೋಗಿತ್ತು. ಕ್ಲೊದೊಮಿರೊ ಹೆಸರುಗಳನ್ನು ಕೇಳಿದ, ನನ್ನ ಕಡೆ ತಿರುಗಿದ, "ಏನಪ್ಪಾ ಹೆಣ, ಬೀನ್ಸ್ ಬಡಿಸ್ಲಾ?" ಅಂದ.

ಆಮೇಲೆ ಶುರುವಾಯಿತು ನೋಡು ಚಪ್ಪಾಳೆ! ಕಣಿವೆ ಕಣಿವೆಯಿಂದ ನನ್ನ ಸಾವಿಗೆ ಸಂತಾಪ ಸಂದೇಶಗಳು. ಬದುಕಿದ್ದಾಗ ನನ್ನನ್ನು ಕಂಡರೆ ಬಾಗಿಲು ಹಾಕುತ್ತಿದ್ದವರೂ "ಅಂಥ ಧ್ವನಿ ಇನ್ನು ಈ ಬೆಟ್ಟಗಳಿಗೆ ಸಿಗಲ್ಲ" ಎಂದರು. ಮೆಲಾನಿಯಾ ಎಂಬ ಹೆಂಗಸು "ನನ್ ಮದುವೇಲಿ ಹಾಡಿದ್ದ. ಕೆಟ್ಟದಾಗೇ ಹಾಡಿದ. ಆದ್ರೂ ಯಾಕೋ ಅಳು ತಡ್ಕೊಳಕ್ಕಾಗ್ತಿಲ್ಲ" ಎಂದು ಕಳಿಸಿದಳು. ಒತಿಲಿಯಾ, ಸತ್ತವನಿಗೆ ಸಾವಿರ ಗುಣ ಅಂತಾರಲ್ಲ, ಆ ಸಾವಿರವನ್ನೂ ನಾನು ಒಲೆಯ ಪಕ್ಕ ಕುಳಿತು ಒಂದೊಂದಾಗಿ ಕೇಳಿದೆ. ಹನ್ನೊಂದು ದಿನ. "ನಾನು ಬದುಕಿದ್ದೇನೆ" ಎಂಬ ಎರಡೇ ಪದ ರೇಡಿಯೋಗೆ ಕಳಿಸಿದ್ದರೆ ಸಾಕಿತ್ತು. ಕಳಿಸಲಿಲ್ಲ. ಇದು ನನ್ನ ಪಾಪ. ಇಡೀ ಸೀಮೆಯ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಹನ್ನೆರಡನೇ ದಿನ ಅಂಚೆ ದೋಣಿಯಲ್ಲಿ ನಿನ್ನ ದಡಕ್ಕೆ ಬಂದಿಳಿದೆ. ಇಳಿಯುವ ಕಲ್ಲಿನ ಪಕ್ಕದಲ್ಲೇ ನೀನು ಹೆಣ ಸಿಗದ ನನಗೊಂದು ಆತ್ಮಗೂಡು ಕಟ್ಟಿಸಿದ್ದೆ: ಮೊಣಕಾಲೆತ್ತರದ ಮರದ ಮನೆ, ತಗಡಿನ ಸೂರು, ಒಳಗೆ ಮೇಣದಬತ್ತಿ, ಮೇಲೆ ನನ್ನ ಹೆಸರಿನ ಹಲಗೆ. ನೀನು ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದೆ. ನನ್ನನ್ನು ನೋಡಿದೆ. ಆದರೂ ಪ್ರಾರ್ಥನೆ ನಿಲ್ಲಿಸಲಿಲ್ಲ. ಮುಗಿಸಿ, ಶಿಲುಬೆಯ ಗುರುತು ಮಾಡಿ, ಎದ್ದೆ.

"ಹನ್ನೊಂದು ದಿನಾನೂ ರೇಡಿಯೋ ಪಕ್ಕದಲ್ಲೇ ಇದ್ಯಾ?"

ಹೌದೆಂದೆ.

"ನನ್ ಸಂದೇಶಾನೂ ಕೇಳಿದ್ಯಾ?"

ಕೇಳಿದ್ದೆ. "ಚಳಿ ಆಗ್ತಿದ್ರೆ ಕನಸಿಗೆ ಬಾ" ಎಂದಿದ್ದೆ ನೀನು.

"ನಿಲುವಂಗಿ ನಿನ್ ಬಿಟ್ಟು ಹೆಂಗಪ್ಪಾ ದೋಣಿ ಹತ್ತಿತು?"

ಪೆಟ್ಟಿಗೆಗಳನ್ನು ಮೊದಲೇ ಹತ್ತಿಸಿದ್ದರು ಎಂದೆ. ನೀನು ದೋಣಿ ಬಿಚ್ಚಿದೆ. ನಾನು ಹತ್ತಿದೆ. ನಾಲ್ಕು ಗಂಟೆ ಹುಟ್ಟು ಹಾಕಿ ಈ ಕಡೆಯ ದಡದ ಚೂಪು ಮೂಲೆಯಲ್ಲಿ, ನಾವೆಲ್ಲ ಹೊಗೆ ಎಬ್ಬಿಸಿ ದೋಣಿ ಕರೆಯುವ ಜಾಗದಲ್ಲಿ, ನನ್ನನ್ನು ಇಳಿಸಿದೆ. ಹೋಗುವಾಗ ಒಂದೇ ಮಾತು: "ಇಲ್ಲಿ ಯಾವತ್ತೂ ಹೊಗೆ ಎಬ್ಬಿಸ್ಬೇಡ, ಅಬೆಲಾರ್ದೊ. ಎಬ್ಬಿಸಿದ್ರೆ ನಾ ಬರ್ಲೇಬೇಕಾಗತ್ತೆ."

ಕೇಳುಗರೇ, ಇದನ್ನು ನಿಮಗೆ ಬಿಡಿಸಿ ಹೇಳಬೇಕೇ? ಆ ಮೂಲೆಯಲ್ಲಿ ಹೊಗೆ ಕಂಡರೆ ಆಚೆ ದಡದವರು ದೋಣಿ ತರಲೇಬೇಕು. ಎಬ್ಬಿಸಿದವನು ಕಳ್ಳನಿರಲಿ, ವೈರಿಯಿರಲಿ. ತಂದೆಯನ್ನು ಕೊಂದವನನ್ನೂ ಕರೆದುಕೊಂಡು ಹೋಗಿ ಬಿಸಿನೀರು ಕೊಟ್ಟ ದಡ ಅದು. ಅದಕ್ಕೇ ಆರೂವರೆ ವರ್ಷ ನಾನಲ್ಲಿ ಬೆಂಕಿಕಡ್ಡಿ ಗೀರಲಿಲ್ಲ. ಒತಿಲಿಯಾ, ನಾನು ನಿನಗೆ ಸಲ್ಲಿಸಿದ ಮರ್ಯಾದೆ ಅದೊಂದೇ.

ಅಂದಿನಿಂದ ಕಾಲಿಗೆ ಚಕ್ರ. ಹಿಮದ ಕಣಿವೆ ದಾಟಿಸಿ ದನ ಹೊಡೆದೆ. ನದಿ ಏರಿದ್ದಾಗ ಎರಡು ವಾರ ಒಂದೇ ಬಂಡೆಯ ಕೆಳಗೆ ಇಪ್ಪತ್ತು ಎತ್ತುಗಳ ಜೊತೆ ಬದುಕಿದೆ. ಸರಕು ದೋಣಿಯಲ್ಲಿ ಅಡುಗೆಯವನಾದೆ. ಎಲ್ಲೂ ಮೂರು ತಿಂಗಳು ನಿಲ್ಲಲಿಲ್ಲ. "ಒಂದು ಕಡೆ ಕೂತ್ಕೊಳ್ಳೋ ಮಾರಾಯ, ನಿನ್ ಕಾಲಲ್ಲೇನು ಇರುವೆ ಗೂಡಿದ್ಯಾ?" ಎಂದು ಎಲ್ಲರೂ ಕೇಳಿದರು. ಹೇಗೆ ಕೂರಲಿ? ಯಾವ ಅಡುಗೆಮನೆಗೆ ಕಾಲಿಟ್ಟರೂ ಅಲ್ಲೊಂದು ರೇಡಿಯೋ. ಶನಿವಾರವಾದರೆ ಅದರಲ್ಲಿ ನಿನ್ನ ತಾಯಿ ಎದೆಲ್ಮಿರಾ ಅತ್ತೆಯ ಸಂದೇಶ. ಇಡೀ ಸೀಮೆಗೆ ಅದು ಬಾಯಿಪಾಠ:

"ಅರ್ಜೆಂಟೀನಾ ಕಡೆ ಇರೋ ನನ್ ಮಗ ನಿಕಾನೊರ್ ವಾರ್ಗಾಸಿಗೆ. ಅಮ್ಮ ಚೆನ್ನಾಗಿದಾಳೆ. ನಿನ್ ಬಿಳಿ ಕುದುರೇನ ಯಾರಿಗೂ ಕೊಟ್ಟಿಲ್ಲ. ಬಾಗ್ಲು ತಾಳ ಹಾಕಿಲ್ಲ."

ನಿನ್ನ ತಮ್ಮ ಕುರಿಯ ಉಣ್ಣೆ ಕತ್ತರಿಸುವ ಕೆಲಸಕ್ಕೆಂದು ಆ ಅಕ್ಟೋಬರಿನಲ್ಲೇ ಗಡಿ ದಾಟಿದವನು, ಒಂದು ಸಾಲು ಬರೆದಿಲ್ಲ. ಆ ಸಂದೇಶ ಬಂದಾಗಲೆಲ್ಲ ನಾನು ಎದ್ದು ಹೊರಡುತ್ತಿದ್ದೆ. ಒಮ್ಮೆ ಹೊಳೆಯ ದಡದ ಓರ್ತೆನ್ಸಿಯಾಳ ಮನೆಯಲ್ಲಿ ಎಲ್ಲರೂ ಸುತ್ತಿನಲ್ಲಿ ಹೀರುವ ಯೆರ್ಬಾ ಕಷಾಯದ ಬುರುಡೆ ನನ್ನ ಕೈಗೆ ಬಂದು ಇನ್ನೂ ಒಂದು ಗುಟುಕು ಎಳೆದಿರಲಿಲ್ಲ. ರೇಡಿಯೋ ಶುರುವಾಯಿತು, ಬುರುಡೆ ಹಿಂದಿರುಗಿಸಿ ಟೋಪಿ ಎತ್ತಿಕೊಂಡೆ. "ಮೊದಲ್ನೇ ಸುತ್ತಿಗೇ ಸಾಕು ಅನ್ನೋನು ಒಂದೋ ಕಳ್ಳ, ಇಲ್ಲಾ ಯಾರದೋ ಓಡಿಹೋದ ಗಂಡ" ಅಂದಳು. ಮನೆಯವರೆಲ್ಲ ನಕ್ಕರು. ನಾನು ಆಗಲೇ ಜೀನು ಬಿಗಿಯುತ್ತಿದ್ದೆ.

ಸಮುದ್ರದ ಕಡೆಗೆ ಹೋದರೆ ತಪ್ಪಿಸಿಕೊಳ್ಳಬಹುದೆಂದು ಸರಕು ದೋಣಿ ಹಿಡಿದೆ. ಎರಡೂ ಕಡೆ ಆಕಾಶದವರೆಗೆ ಗೋಡೆ, ಕೆಳಗೆ ಕಪ್ಪು ನೀರು, ಮೇಲಿಂದ ಬೀಳುವ ನೂರು ಜಲಪಾತ. ದೋಣಿಯ ಯಜಮಾನ "ಈ ಸಂದೀಲಿ ರೇಡಿಯೋ ಹಿಡಿಯಲ್ಲ ಕಣಯ್ಯ" ಎಂದು ಬೈಯುತ್ತ ಗುಂಡಿ ತಿರುಗಿಸುತ್ತಿದ್ದ. ನನಗೆ ಸ್ವರ್ಗ! ಆಲೂಗಡ್ಡೆ ಸುಲಿಯುತ್ತ ಹಾಡಿದೆ. ದೋಣಿ ಒಂದು ತಿರುವು ತಿರುಗಿತು, ಗೋಡೆ ಸರಿಯಿತು, ಬೆಳಕು ಬಿತ್ತು, ಅದರ ಹಿಂದೆಯೇ: "...ಬಾಗ್ಲು ತಾಳ ಹಾಕಿಲ್ಲ." ಚಾಕು ಬೆರಳಿಗೆ ಹೋಯಿತು.

ಹೋದ ಶನಿವಾರ ಸಂದೇಶ ಬದಲಾಗಿತ್ತು. ನೀವೆಲ್ಲ ಕೇಳಿದಿರಿ. "ನಿಕಾನೊರ್, ನಂಗೆ ಕಣ್ಣು ಕಾಣ್ತಿಲ್ಲ, ಉಸ್ರು ಸಾಲ್ತಿಲ್ಲ. ಒತಿಲಿಯಾ ಆಸ್ಪತ್ರೆಗೆ ಹೋಗೋಣ ಅಂತಾಳೆ. ನಾ ಹೋಗಲ್ಲ. ನೀ ಬಂದಾಗ ಮನೇಲಿ ಯಾರೂ ಇಲ್ದಿದ್ರೆ?"

ಅದನ್ನು ಕೇಳಿದಾಗ ನಾನು ಇಲ್ಲಿಂದ ಐದು ದಿನದ ದಾರಿಯಲ್ಲಿ ಬೇಲಿಗೆ ಗೂಟ ಸೀಳುತ್ತಿದ್ದೆ. ಕೊಡಲಿ ಕೆಳಗಿಟ್ಟೆ. ಈ ಸಲವೂ ಎದ್ದು ಹೊರಟೆ. ಆದರೆ ಮೊದಲ ಬಾರಿಗೆ ನಿನ್ನ ದಿಕ್ಕಿಗೆ. ಲೆಂಗಾ ಮರಗಳು ಬೆಂಕಿಯಂತೆ ಕೆಂಪಾಗಿವೆ, ಘಟ್ಟದಲ್ಲಿ ಮೊದಲ ಹಿಮ ಬಿದ್ದಿದೆ. ಕುದುರೆ ಒಂದು ಕಾಲು ಕುಂಟಿಕೊಂಡೇ ನನ್ನನ್ನು ಇಲ್ಲಿಗೆ ತಲುಪಿಸಿತು.

ಒತಿಲಿಯಾ, ಈ ಪತ್ರ ಓದಿ ಮುಗಿಯುವಷ್ಟರಲ್ಲಿ ನಾನು ಚೂಪು ಮೂಲೆಯ ದಾರಿಯಲ್ಲಿರುತ್ತೇನೆ. ನಾಳೆ ಅಲ್ಲಿ ಹೊಗೆ ಏಳುತ್ತದೆ. ನೀನು ಬೇಡವೆಂದದ್ದನ್ನು ಮರೆತಿಲ್ಲ. ದೋಣಿಯಲ್ಲಿ ಬೇರೆ ಯಾರನ್ನೂ ಕಳಿಸಬೇಡ. ಹಾಸಿಗೆ ಕೇಳುವುದಿಲ್ಲ, ಊಟ ಕೇಳುವುದಿಲ್ಲ, ಕ್ಷಮೆಯನ್ನಂತೂ ಕೇಳುವುದೇ ಇಲ್ಲ. ನಿನಗೆ ಹೇಳಲೇಬೇಕಾದ ಒಂದು ಮಾತಿದೆ. ಅದು ರೇಡಿಯೋಗೆ ಹೇಳುವಂಥದ್ದಲ್ಲ.

ಇಂತಿ,
ಒಮ್ಮೆ ಸತ್ತು ಕೆಟ್ಟ ನಿನ್ನ ಗಂಡ,
ಅಬೆಲಾರ್ದೊ ಬಾರ್ರಿಯಾ

ಮರೆತ ಮಾತು: ರೋಸಾಲ್ಬಾ ಅವರೇ, ಮೈಕು ಆರಿಸಿದಿರಾ? ಇನ್ನು ಇದು ನಿಮಗೆ ಮಾತ್ರ.

ಚಪ್ಪಾಳೆಗೆ ಮರುಳಾಗಿ ಸುಮ್ಮನಿದ್ದೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳಲ್ಲ. ಆದರೆ ಒಪ್ಪಿಕೊಳ್ಳಲು ಸುಲಭವಾದ ಪಾಪವೆಂದು ಅದನ್ನೇ ಇಷ್ಟು ವರ್ಷ ಮೆರೆಸಿದೆ. ದೋಣಿ ನನ್ನನ್ನು ಬಿಟ್ಟು ಹೋಗಲಿಲ್ಲ. ನನ್ನ ಜಾಗದಲ್ಲಿ ನಾನೇ ಒಬ್ಬನನ್ನು ಹತ್ತಿಸಿದೆ.

ನಿಕಾನೊರ್ ಅರ್ಜೆಂಟೀನಾಕ್ಕೆ ಹೋಗಲೇ ಇಲ್ಲ. ಅವನಿಗೆ ವೇಷದ ಹುಚ್ಚು. ನಾಟಕದವರೆಂದರೆ ಅವನ ತಾಯಿಗೆ ಆಗುತ್ತಿರಲಿಲ್ಲ. ನನ್ನೊಬ್ಬನನ್ನು ಮನೆಯೊಳಗೆ ಬಿಟ್ಟುಕೊಂಡದ್ದೇ ಅವಳ ಪಾಲಿಗೆ ಹೆಚ್ಚು. ಅದಕ್ಕೇ ಉಣ್ಣೆ ಕತ್ತರಿಸುವ ಕೆಲಸ ಎಂದು ಸುಳ್ಳು ಹೇಳಿ ಕಲೆತಾ ಸಿಪ್ರೆಸ್‌ಗೆ ನನ್ನ ಹುಡುಕಿಕೊಂಡು ಬಂದಿದ್ದ. "ಭಾವ, ಒಂದೇ ಒಂದ್ಸಲ ಸರದಾರನ ಪಾರ್ಟು ನಂಗೆ ಬಿಟ್ಕೊಡು. ಮಾತೆಲ್ಲ ಬಾಯಿಪಾಠ ಇದೆ" ಎಂದು ಗೋಗರೆದ. ನನಗೆ ಗಂಟಲಿರಲಿಲ್ಲ, ಕಂಪನಿಗೆ ಸರದಾರ ಬೇಕಿತ್ತು. ನಾನೇ ಕೆಂಪು ನಿಲುವಂಗಿ ಹೊದಿಸಿ ಕುತ್ತಿಗೆಯ ಗುಂಡಿ ಹಾಕಿದೆ. ದೋಣಿಯ ಪಟ್ಟಿಯಲ್ಲಿ ನನ್ನ ಹೆಸರನ್ನು ಯಾರೂ ತಿದ್ದಲಿಲ್ಲ. ಹಲಗೆಯ ಮೇಲೆ ನಡೆದು ಹೋಗುವಾಗ ಅವನು ನನ್ನದೇ ನಡಿಗೆ ನಡೆದು ತೋರಿಸಿದ. ಆ ಹುಡುಗ ಯಾರೆಂದು ತಿಳಿಯದ ದಡದವರು ಹೊಟ್ಟೆ ಹಿಡಿದು ನಕ್ಕರು. "ಅಮ್ಮಂಗೆ ಹೇಳ್ಬೇಡ ಭಾವ!" ಎಂದು ಕೂಗಿದ. ಅವನಿಂದ ಕೇಳಿದ ಕೊನೆಯ ಮಾತು ಅದು. ಪಾಪಿ ನಾನು ಅದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ರೇಡಿಯೋದಲ್ಲಿ ನನ್ನ ಹೆಸರು ಬಂದಾಗ ಸತ್ತವನು ಯಾರೆಂದು ತಿಳಿದಿದ್ದವನು ನಾನೊಬ್ಬನೇ. ನಾನು ಬದುಕಿದ್ದೇನೆ ಎಂದರೆ ಮರುಪ್ರಶ್ನೆ ಬರುತ್ತಿತ್ತು: ಹಾಗಾದರೆ ಆ ನಿಲುವಂಗಿಯಲ್ಲಿ ಇದ್ದವನು ಯಾರು? ಒತಿಲಿಯಾ ಕೇಳಿಯೂ ಕೇಳಿದಳು. ಪೆಟ್ಟಿಗೆ ಎಂದುಬಿಟ್ಟೆ.

ಅಂಚೆ ದೋಣಿಯವನು ಹೇಳುತ್ತಾನೆ, ಆ ಆತ್ಮಗೂಡನ್ನು ಅವಳು ಕೀಳಿಸಲಿಲ್ಲವಂತೆ. ನನ್ನ ಹೆಸರಿನ ಹಲಗೆ ಮಾತ್ರ ಕಿತ್ತು ಒಲೆಗೆ ಹಾಕಿದಳಂತೆ. ಗೂಡು ಖಾಲಿ ನಿಂತಿದೆ. ಸೈಪ್ರೆಸ್ ಹಲಗೆಯೊಂದರ ಮೇಲೆ ನಿಕಾನೊರ್ ವಾರ್ಗಾಸ್ ಎಂದು ಕೊರೆದಿದ್ದೇನೆ. ಚೀಲದಲ್ಲಿದೆ. ಇಲ್ಲಿಗೆ ಬರುವ ದಾರಿಯುದ್ದಕ್ಕೂ ಬೆನ್ನಿಗೆ ಒತ್ತುತ್ತಿತ್ತು.

ನಿಮ್ಮಲ್ಲಿ ಒಂದೇ ಬೇಡಿಕೆ. ನಾಳೆ ಶನಿವಾರ. ಎದೆಲ್ಮಿರಾ ಅತ್ತೆಯ ಸಂದೇಶದ ಚೀಟಿ ನಿಮ್ಮ ಮೇಜಿನ ಮೇಲಿರುತ್ತದೆ. ನಾಳೆ ಒಂದು ದಿನ ಅದನ್ನು ಓದಬೇಡಿ; ತಮ್ಮ ಸತ್ತದ್ದು ಒತಿಲಿಯಾಗೆ ತಿಳಿಯುವ ದಿನವೇ ಅವನನ್ನು ರೇಡಿಯೋದಲ್ಲಿ ಕರೆಯುವುದು ಬೇಡ. ಮಗ ಬರುವುದಿಲ್ಲವೆಂದು ತಿಳಿದರೆ ಅತ್ತೆ ಆಸ್ಪತ್ರೆಗೆ ಹೊರಟಾಳು, ಇಲ್ಲವೇ ಅಲ್ಲೇ ಉಸಿರು ಬಿಟ್ಟಾಳು. ಯಾವುದೆಂದು ನನಗೆ ಗೊತ್ತಿಲ್ಲ. ಅದನ್ನು ತೀರ್ಮಾನಿಸಬೇಕಾದವಳು ಮಗಳು. ಇಷ್ಟು ವರ್ಷ ಅವಳ ಪರವಾಗಿ ನಾನೇ ತೀರ್ಮಾನಿಸುತ್ತ ಬಂದೆ.

ಹೊಗೆ ಕಂಡರೆ ಒತಿಲಿಯಾ ಬರಲೇಬೇಕು, ನಿಜ. ಆದರೆ ದೋಣಿ ಕಲ್ಲಿಗೆ ತಾಗಿದ ಮೇಲೆ ವಿಷಯ ತಿಳಿದರೆ, ನನ್ನಂಥವನನ್ನೂ ಹತ್ತಿಸಿಕೊಳ್ಳದೆ ಅವಳಿಗೆ ಬೇರೆ ದಾರಿಯಿಲ್ಲ. ಅದಕ್ಕೇ ನಾಳೆ ಬೆಳಗ್ಗೆ, ಗಾಳಿ ಏಳುವ ಮೊದಲು, ಒಣ ಲೆಂಗಾ ಕೊಂಬೆಗಳನ್ನು ಹೊತ್ತಿಸಿ ಮೇಲೆ ಹಸಿ ಹುಲ್ಲು ಹೇರುತ್ತೇನೆ. ಅವಳ ದೋಣಿ ಕಲ್ಲಿಗೆ ತಾಗುವವರೆಗೆ ಕಾಯುವುದಿಲ್ಲ. ಅವಳು ಇನ್ನೂ ನೀರಿನ ನಡುವೆ ಇರುವಾಗಲೇ, ಹಿಂದಿರುಗಲು ಹುಟ್ಟು ಅವಳ ಕೈಯಲ್ಲೇ ಇರುವಾಗಲೇ, ಮಂಡಿಮಟ್ಟ ನೀರಿಗಿಳಿದು ನಿಂತು, ಇರುವ ಗಂಟಲನ್ನೆಲ್ಲ ತೆರೆದು, ನಿಕಾನೊರನ ಹೆಸರು ಕೂಗುತ್ತೇನೆ.